ಅಳತೆಗೋಲು ತಪ್ಪಾದರೆ ಅದು ಮಗುವಿನ ತಪ್ಪೆ?

ಅಂಗಡಿಯವರು ಬಟ್ಟೆಯನ್ನು ಮೀಟರಿನಲ್ಲಿ ಅಳೆಯುತ್ತಾರೆ, ಬೇಳೆಯನ್ನು ತಕ್ಕಡಿಯಲ್ಲಿ ತೂಗುತ್ತಾರೆ. ಬೇಳೆಗೆ ಮೀಟರ್ ಕೋಲು ಹಿಡಿದವನನ್ನು ಪೇಟೆಯಲ್ಲಿ ಯಾರೂ ವ್ಯಾಪಾರಿ ಎನ್ನುವುದಿಲ್ಲ. ಆದರೆ ಪರೀಕ್ಷೆಯ ಕೊಠಡಿಯಲ್ಲಿ ಇಂತಹದೇ ವ್ಯವಹಾರ ನಡೆಯುತ್ತದೆ. ಕಂಪ್ಯೂಟರ್ ವಿದ್ಯೆ ಎಷ್ಟು ಬಂದಿದೆ ಎಂದು ನೋಡಬೇಕಾದಲ್ಲಿ ಮಗುವಿನ ಕೈಬರಹವನ್ನೂ ಇಂಗ್ಲಿಷ್ ಸ್ಪೆಲಿಂಗನ್ನೂ ತೂಗಿ ಅಂಕ ಹಾಕುತ್ತಾರೆ.

ಇದರ ಪೆಟ್ಟು ಹೆಚ್ಚಾಗಿ ಬೀಳುವುದು ಕಲಿಕೆಯ ತೊಡಕಿರುವ ಮಕ್ಕಳ ಮೇಲೆ. ಡಿಸ್ಲೆಕ್ಸಿಯಾ ಇದ್ದರೆ ಓದುವುದು ಕಷ್ಟ. ಡಿಸ್‌ಗ್ರಾಫಿಯಾ ಇದ್ದರೆ ಬರೆಯುವುದು ಕಷ್ಟ. ಡಿಸ್‌ಕ್ಯಾಲ್ಕುಲಿಯಾ ಇದ್ದರೆ ಅಂಕಿಗಳೊಡನೆ ಹೆಣಗಾಟ. ಇವರು ದಡ್ಡರಲ್ಲ, ಸೋಮಾರಿಗಳೂ ಅಲ್ಲ. ಆದರೂ ಬೆತ್ತದ ಏಟು ಮೊದಲು ಬೀಳುತ್ತಿದ್ದುದು ಇವರ ಬೆನ್ನಿಗೇ. ಶಾಲೆಯಲ್ಲಿ ಪಾಠ ಹೇಳಿದ ನಾವು ಇದನ್ನು ಬಲ್ಲೆವು.

ಮಿಲ್ಲಿನ ಬಂಧುಗಳಿಗೆ ಈ ಮಾತನ್ನು ತಿಳಿಸುವುದು ಸುಲಭ. 1804ರಲ್ಲಿ ಫ್ರಾನ್ಸಿನ ಜಕಾರ್ಡ್ ಎಂಬಾತ ರಟ್ಟಿನ ಕಾರ್ಡುಗಳಲ್ಲಿ ತೂತು ಹಾಕಿ, ಮಗ್ಗದಲ್ಲಿ ಚಿತ್ತಾರ ಮೂಡಿಸುವ ಯಂತ್ರವನ್ನು ಮುಂದಿಟ್ಟ. ತೂತು ಇದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಗಣಕಯಂತ್ರದ ಯೋಜನೆಗೆ ಇದೇ ಕಾರ್ಡನ್ನು ಆರಿಸಿಕೊಂಡ. ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಸರಣಿ ಎಂದರೆ ಇದೇ: ಯಾವುದು ಮೊದಲು, ಯಾವುದು ಅನಂತರ, ಎಷ್ಟು ಸಲ, ಯಾವ ಷರತ್ತಿನ ಮೇಲೆ. ಕಾರ್ಡು ಕಟ್ಟಬಲ್ಲ ನೇಕಾರನನ್ನು ಜಕಾರ್ಡ್ ಎಂಬ ಹೆಸರಿನ ಸ್ಪೆಲಿಂಗ್ ಕೇಳಿ ನಪಾಸು ಮಾಡಿದರೆ ಹೇಗೆ?

ಹಾಗಾದರೆ ಪರೀಕ್ಷಿಸುವುದು ಹೇಗೆ? ಒಂದು ಅಂಗಡಿಯ ಲೆಕ್ಕವನ್ನೇ ತೆಗೆದುಕೊಳ್ಳೋಣ. 500 ರೂಪಾಯಿಗೆ ಮೀರಿದ ಖರೀದಿಗೆ ನೂರಕ್ಕೆ 10 ಸೋಡಿ. ಬಿಲ್ಲು ಮಾಡುವ ಆಜ್ಞೆಗಳನ್ನು ಒಂದೊಂದು ಚೀಟಿಯಲ್ಲಿ ಬರೆದು, ಚೀಟಿಗಳನ್ನು ಕಲಸಿ ಮಗುವಿನ ಮುಂದೆ ಇಡಿ. ಸರಿಯಾದ ಕ್ರಮದಲ್ಲಿ ಜೋಡಿಸಲು ಹೇಳಿ. ಓದು ಕಷ್ಟವಾದರೆ ಚೀಟಿಯನ್ನು ಓದಿ ಹೇಳಿ. 600ಕ್ಕೆ ಬಿಲ್ಲು ಎಷ್ಟು? 540. ಸರಿಯಾಗಿ 500 ಆದರೆ? ಸೋಡಿ ಇಲ್ಲ. ಏಕೆಂದು ಮಗು ಬಾಯಲ್ಲಿ ಹೇಳಲಿ. ಒಂದು ಸಾಲು ಬರೆಯದೆಯೇ ವಿದ್ಯೆ ಇದೆಯೋ ಇಲ್ಲವೋ ಗೊತ್ತಾಗಿಹೋಯಿತು. ಇದು ನಾವು ಕಟ್ಟಿದ ಕತೆಯಲ್ಲ. ಹೀಗೆ ಸಾಲು ಜೋಡಿಸುವ ಪ್ರಶ್ನೆಗಳನ್ನು ನ್ಯೂಜಿಲೆಂಡಿನ ಡೇಲ್ ಪಾರ್ಸನ್ಸ್ ಮತ್ತು ಪೆಟ್ರಿಷಿಯಾ ಹೇಡನ್ 2006ರಲ್ಲೇ ಪ್ರಕಟಿಸಿದರು. 2007ರಲ್ಲಿ ಅಮೆರಿಕದಿಂದ ಬಂದ ‘ಸ್ಕ್ರಾಚ್’ನಲ್ಲಿ ಬಣ್ಣದ ತುಂಡುಗಳನ್ನು ಒಂದಕ್ಕೊಂದು ಸೇರಿಸಿಯೇ ಮಕ್ಕಳು ಆಜ್ಞೆ ಕೊಡುತ್ತಾರೆ.

ಕೆಲವರು ಕೇಳುತ್ತಾರೆ: ಕಂಪ್ಯೂಟರಿಗೆ ಒಂದು ಚುಕ್ಕೆ ತಪ್ಪಿದರೂ ನಡೆಯುವುದಿಲ್ಲ, ಹಾಗಿರುವಾಗ ಅಕ್ಷರ ತಪ್ಪಿದರೆ ಅಂಕ ಕೊಡಬಹುದೆ? ಪ್ರಶ್ನೆ ಸರಿಯಾದುದೇ. ಆದರೆ ಕಂಪ್ಯೂಟರಿನ ಮುಂದೆ ಕುಳಿತವನಿಗೆ ಯಂತ್ರವೇ ಸಾಮಾನ್ಯವಾಗಿ ತಪ್ಪಿನ ಸಾಲನ್ನು ತೋರಿಸುತ್ತದೆ. ಅರ್ಧ ಬರೆದ ಪದವನ್ನು ಪೂರ್ತಿ ಮಾಡಿಕೊಡುವ ಸಾಧನಗಳೂ ಇವೆ. ಕಾಗದ ಇದಾವುದನ್ನೂ ಮಾಡುವುದಿಲ್ಲ. ತಪ್ಪನ್ನು ಹುಡುಕಿ ತಿದ್ದುವುದೇ ಆ ಕಸುಬಿನ ಅರ್ಧ ವಿದ್ಯೆ. ಅದನ್ನು ಯಂತ್ರದ ಮುಂದೆ ಕೂರಿಸಿ ನೋಡಬೇಕೇ ಹೊರತು ಉತ್ತರಪತ್ರಿಕೆಯಲ್ಲಿ ಹುಡುಕಬಾರದು. ಇಷ್ಟೆಲ್ಲ ಮಾಡಿಯೂ ಚೀಟಿಗಳ ಕ್ರಮ ತಿಳಿಯದ ಮಗುವಿಗೆ ಕಡಿಮೆ ಅಂಕವೇ ಬರಲಿ. ನಾವು ಕೇಳುತ್ತಿರುವುದು ಕರುಣೆಯ ಅಂಕವನ್ನಲ್ಲ, ಸರಿಯಾದ ತಕ್ಕಡಿಯನ್ನು.

ಕಾನೂನು ಇದಕ್ಕೆ ಅಡ್ಡಿಯಾಗಿಲ್ಲ. 1995ರ ಕಾಯಿದೆಯ ಪಟ್ಟಿಯಲ್ಲಿ ಇಲ್ಲದಿದ್ದ ಕಲಿಕೆಯ ತೊಡಕು 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 21 ವಿಧಗಳಲ್ಲಿ ಸೇರಿತು. ಅದರ 17ನೆಯ ಕಲಮು ಪಾಠಕ್ರಮದಲ್ಲಿಯೂ ಪರೀಕ್ಷಾ ಪದ್ಧತಿಯಲ್ಲಿಯೂ ತಕ್ಕ ಮಾರ್ಪಾಡು ಆಗಬೇಕೆನ್ನುತ್ತದೆ. ನೂರಕ್ಕೆ 40ರಷ್ಟು ವೈಕಲ್ಯವಿದ್ದವರಿಗೆ ಮಾತ್ರ ಬರೆಯಲು ಸಹಾಯಕರು ಎಂಬ ವಾದವನ್ನು ಸುಪ್ರೀಂ ಕೋರ್ಟು 2021ರ ಫೆಬ್ರುವರಿಯಲ್ಲಿ ತಳ್ಳಿಹಾಕಿತು. ಆದರೆ ಹೆಚ್ಚು ಹೊತ್ತು ಕೊಟ್ಟು, ಬರೆಯಲು ಒಬ್ಬರನ್ನು ಕೊಟ್ಟು ಕೈತೊಳೆದುಕೊಂಡರೆ ಸಾಲದು. ತಪ್ಪು ಅಳತೆಗೋಲನ್ನು ಒಂದು ಗಂಟೆ ಹೆಚ್ಚು ಹಿಡಿದರೆ ಅಳತೆ ಸರಿಯಾಗುವುದೆ?

ಇನ್ನೊಂದು ಮಾತು. ಸವಲತ್ತಿಗೆ ಪ್ರಮಾಣಪತ್ರ ಬೇಕು. ಪ್ರಮಾಣಪತ್ರಕ್ಕೆ ತಪಾಸಣೆ ಆಗಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಸಿದ್ಧಪಡಿಸಿದ ತಪಾಸಣಾ ಕ್ರಮವೊಂದಿದೆ. ಹಣವಂತರು ತಜ್ಞರನ್ನು ಹುಡುಕಿಕೊಂಡು ಹೋಗುತ್ತಾರೆ. ದಿನಗೂಲಿಯವನು ಎಷ್ಟು ದಿನದ ಕೂಲಿ ಬಿಟ್ಟು ಅಲೆಯಬೇಕು? ಅವನ ಮಗುವಿಗೆ ಸಿಗುವುದು ‘ದಡ್ಡ’ ಎಂಬ ಪ್ರಮಾಣಪತ್ರ ಒಂದೇ, ಅದೂ ಪುಕ್ಕಟೆಯಾಗಿ.

ಆದುದರಿಂದ ನಮ್ಮ ಬೇಡಿಕೆ ಮೂರು. ತಪಾಸಣೆ ತಾಲ್ಲೂಕು ಆಸ್ಪತ್ರೆಯಲ್ಲಿ ಖರ್ಚಿಲ್ಲದೆ ನಡೆಯಲಿ. ಕಂಪ್ಯೂಟರ್ ಪರೀಕ್ಷೆಯಲ್ಲಿ ಚೀಟಿ ಜೋಡಿಸುವ, ಬಾಯಲ್ಲಿ ಹೇಳುವ, ಯಂತ್ರದ ಮುಂದೆ ಮಾಡಿ ತೋರಿಸುವ ದಾರಿಗಳಿರಲಿ. ಈ ದಾರಿಗಳು ಪ್ರಮಾಣಪತ್ರ ಕೇಳದೆ ಎಲ್ಲ ಮಕ್ಕಳಿಗೂ ತೆರೆದಿರಲಿ. ತಂದೆತಾಯಿಗಳು ಮುಂದಿನ ಪೋಷಕರ ಸಭೆಗೆ ಒಬ್ಬೊಬ್ಬರಾಗಿ ಹೋಗದೆ ಹತ್ತು ಜನ ಕೂಡಿ ಹೋಗಿ ಇದನ್ನು ಕೇಳಬೇಕು. ಹತ್ತು ಜನರ ಮಾತನ್ನು ಮುಖ್ಯೋಪಾಧ್ಯಾಯರು ಬರೆದುಕೊಳ್ಳಲೇಬೇಕಾಗುತ್ತದೆ.