ಅವನು ಎದ್ದು ನಿಂತ, ಆದ್ರೂ ಕೆಂಪು ಕಾರ್ಡೇ ಸರಿ

ರಗ್ಬಿ ಅಂದ ತಕ್ಷಣ ನಮ್ಮ ಹಾಸ್ಟೆಲ್ಲಿನಲ್ಲಿ ಬರುವ ಮೊದಲ ಪ್ರಶ್ನೆ: "ಅಮೆರಿಕದವರು ಹೆಲ್ಮೆಟ್ ಹಾಕ್ಕೊಂಡು ಗುದ್ದಾಡ್ತಾರಲ್ಲ, ಅದಾ?" ಅದಲ್ಲ. ಇದು ಹೆಲ್ಮೆಟ್ ಇಲ್ಲದ ಗುದ್ದಾಟ. ನೂರು ಕೆಜಿ ದಾಟಿದ ಆಳುಗಳು ಓಡಿ ಬಂದು ಒಬ್ಬರನ್ನೊಬ್ಬರು ನೆಲಕ್ಕೆ ಕೆಡವುತ್ತಾರೆ, ಮೈಮೇಲೆ ಇರೋದು ಒಂದು ಜೆರ್ಸಿ, ಒಂದು ಚಡ್ಡಿ, ಬಾಯಲ್ಲಿ ಹಲ್ಲು ಕಾಯೋದಕ್ಕೊಂದು ಗಾರ್ಡ್. ಈ ಲೇಖನದ ವಾದವೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿರೋದರಿಂದ ಮೊದಲೇ ಹೇಳಿಬಿಟ್ಟೆವು.

ನಾವು ಹೇಳಹೊರಟಿರೋದು ಫ್ರಾನ್ಸಿನ ವ್ಯಾನ್ಸಾಂ ಕ್ಲೆರ್ ಬಗ್ಗೆ. ಇಂಗ್ಲಿಷಿನಲ್ಲಿ ಅವನ ಹೆಸರು ನೋಡಿದರೆ ಯಾವುದೋ ಕಚೇರಿಯ ಗುಮಾಸ್ತ ಅನ್ನಿಸುತ್ತೆ, ಫ್ರೆಂಚಿನಲ್ಲಿ ಕೊನೆಯ ಅಕ್ಷರ ನುಂಗಿಬಿಡ್ತಾರೆ. 2018ರಲ್ಲಿ ಆಟ ಬಿಟ್ಟ. ಫ್ರಾನ್ಸಿನಲ್ಲಿ ಅವನು ದೊಡ್ಡ ಹೆಸರು. ಆದರೆ ಇಂಗ್ಲಿಷ್ ಮಾತಾಡುವ ರಗ್ಬಿ ಲೋಕದಲ್ಲಿ ಅವನನ್ನು ನೆನೆಸಿಕೊಳ್ಳೋದು ಹೆಚ್ಚಾಗಿ ಇನ್ನೊಬ್ಬನ ಕಥೆಯೊಳಗೆ. 2011ರ ವಿಶ್ವಕಪ್ ಸೆಮಿಫೈನಲ್ಲಿನಲ್ಲಿ ವೇಲ್ಸ್ ನಾಯಕ ಸ್ಯಾಮ್ ವಾರ್ಬರ್ಟನ್‌ಗೆ ಕೆಂಪು ಕಾರ್ಡ್ ಸಿಕ್ಕಿತಲ್ಲ, ಆಗ ಗಾಳಿಯಲ್ಲಿ ತಲೆಕೆಳಗಾಗಿದ್ದವನು ಯಾರು? ಹಾಂ, ಅವನೇ. ಸಿನಿಮಾದಲ್ಲಿ ಹೀರೋನ ದುಃಖಕ್ಕೆ ಕಾರಣವಾಗಲು ಒಂದು ಪಾತ್ರ ಬೇಕಾಗುತ್ತಲ್ಲ, ಹಾಗೆ. ಇದರಲ್ಲಿ ಎರಡು ತಪ್ಪಿವೆ ಅಂತ ನಮಗನಿಸುತ್ತೆ. ಒಂದು, ಕ್ಲೆರ್ ಅಷ್ಟು ಸಣ್ಣ ಪಾತ್ರ ಅಲ್ಲ. ಎರಡು, ಆ ಕಾರ್ಡ್ ದುರಂತ ಅಲ್ಲ, ಸರಿಯಾದ ತೀರ್ಪು.

ಮೊದಲು ಆಟ. ತಂಡಕ್ಕೆ ಹದಿನೈದು ಜನ. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯೋ ಹಾಗಿಲ್ಲ, ಪಕ್ಕಕ್ಕೋ ಹಿಂದಕ್ಕೋ ಮಾತ್ರ. ಮುಂದಕ್ಕೆ ಹೋಗಬೇಕಾದ್ರೆ ಓಡಬೇಕು, ಇಲ್ಲ ಒದೆಯಬೇಕು. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅದು 'ಟ್ರೈ', 5 ಅಂಕ. ಅದಾದ ಮೇಲೆ ಕಂಬಗಳ ನಡುವೆ ಒದ್ದರೆ ಇನ್ನೂ 2. ಪೆನಾಲ್ಟಿ ಒದೆತಕ್ಕೆ 3. ಮೈದಾನದ ಎರಡೂ ಅಂಚಿನಲ್ಲಿ ಒಬ್ಬೊಬ್ಬ ಓಟಗಾರ ಇರ್ತಾನೆ, ಜೆರ್ಸಿ ಸಂಖ್ಯೆ 11 ಮತ್ತು 14. ಇವರೇ ವಿಂಗರ್‌ಗಳು. ಚೆಂಡು ಇವರ ತನಕ ಬರೋದೇ ಅಪರೂಪ. ನಡುವಿನ ದಡಿಯರು ಮಣ್ಣಲ್ಲಿ ಹೊರಳಾಡಿ, ಹತ್ತು ಸಲ ಗುದ್ದಿ, ಹನ್ನೊಂದನೇ ಸಲಕ್ಕೆ ಅಂಚಿನಲ್ಲಿ ಒಂದಿಷ್ಟು ಜಾಗ ತೆರೆದಾಗ ಚೆಂಡು ಇವನ ಕೈಗೆ ಬೀಳುತ್ತೆ. ಆಗ ಇವನು ತಪ್ಪೋ ಹಾಗಿಲ್ಲ.

ಗ್ರೂಪ್ ಪ್ರಾಜೆಕ್ಟಿನಲ್ಲಿ ಕೊನೆಯ ದಿನ ಬಂದು ಪ್ರೆಸೆಂಟೇಷನ್ ಮಾಡಿ ಚಪ್ಪಾಳೆ ತಗೊಂಡು ಹೋಗುವವನ ಹಾಗೆ ವಿಂಗರ್ ಅಂತ ಕೆಲವರು ಹೇಳ್ತಾರೆ. ಕ್ಲೆರ್ ವಿಷಯದಲ್ಲಿ ಈ ಮಾತು ನಿಲ್ಲೋದಿಲ್ಲ. ಎತ್ತರ 1.78 ಮೀಟರ್, ಅಂದ್ರೆ ನಮ್ಮ ಕ್ಲಾಸಿನಲ್ಲಿ ಮಧ್ಯದ ಬೆಂಚಿನವನ ಎತ್ತರ. ಜೋನಾ ಲೋಮು ಬಂದುಹೋದ ಮೇಲೆ ವಿಂಗರ್ ಅಂದ್ರೆ ಬುಲ್ಡೋಜರ್ ಅಂತ ಎಲ್ಲರೂ ನಂಬಿದ್ದ ಕಾಲದಲ್ಲಿ ಈ ಮೈಕಟ್ಟಿನವನು ಹದಿನಾರು ವರ್ಷ ಮೇಲ್ಮಟ್ಟದಲ್ಲಿ ಉಳಿದ. ಹೇಗೆ? ಚೆಂಡು ತನ್ನ ಕಡೆ ಬರಲಿ ಅಂತ ಅಂಚಿನಲ್ಲಿ ಕಾಯುತ್ತಾ ನಿಲ್ಲುತ್ತಿರಲಿಲ್ಲ. ಎಲ್ಲಿ ಗೋಡೆ ಬಿರುಕು ಬಿಡುತ್ತೆ ಅಂತ ಊಹಿಸಿ, ಅರ್ಧ ಸೆಕೆಂಡ್ ಮೊದಲೇ ಅಲ್ಲಿರುತ್ತಿದ್ದ. ಹೈಲೈಟ್ಸ್ ವಿಡಿಯೊದಲ್ಲಿ ಕಾಣೋದು ಕೊನೆಯ ಹತ್ತು ಮೀಟರ್ ಮಾತ್ರ. ಅದಕ್ಕೂ ಮೊದಲು ಚೆಂಡಿಲ್ಲದೆ ಓಡಿದ ಐವತ್ತು ಮೀಟರನ್ನು ಯಾರೂ ಕತ್ತರಿಸಿ ಹಾಕೋದಿಲ್ಲ.

ಹುಟ್ಟಿದ್ದು 1981ರಲ್ಲಿ, ಗ್ರೆನೋಬಲ್ ಪಕ್ಕದ ಎಶಿರೋಲ್‌ನಲ್ಲಿ. ಗ್ರೆನೋಬಲ್ ಕ್ಲಬ್ಬಿನಲ್ಲಿ ಶುರು ಮಾಡಿ 2002ರಲ್ಲಿ ತುಲೂಸ್ ಸೇರಿದ, ಅದೇ ವರ್ಷ ಫ್ರಾನ್ಸ್ ತಂಡಕ್ಕೂ ಬಂದ. ತುಲೂಸಿನಲ್ಲಿ ಹದಿನಾಲ್ಕು ವರ್ಷ, ಆಮೇಲೆ ತುಲಾಂನಲ್ಲಿ ಎರಡು. ತುಲೂಸ್ ಜೊತೆ ಯುರೋಪಿನ ಹೈನೆಕೆನ್ ಕಪ್ ಮೂರು ಸಲ ಗೆದ್ದ: 2003, 2005, 2010. ಫ್ರೆಂಚ್ ಲೀಗೂ ಮೂರು ಸಲ: 2008, 2011, 2012. ಲೀಗಿನಲ್ಲಿ ಒಟ್ಟು 101 ಟ್ರೈ. ದೇಶಕ್ಕಾಗಿ 67 ಪಂದ್ಯ, 34 ಟ್ರೈ. ಅವನು ದೇಶದ ಜೆರ್ಸಿ ಬಿಟ್ಟಾಗ ಫ್ರಾನ್ಸಿನ ಪರ ಅವನಿಗಿಂತ ಮುಂದಿದ್ದವನು 38 ಟ್ರೈಗಳ ಸರ್ಜ್ ಬ್ಲಾಂಕೋ ಒಬ್ಬನೇ. ಅಂಕಿ ಅಂಶ ಇಷ್ಟು ಸಾಕು.

ಆದರೆ ಒಂದು ಟ್ರೈ ಬಗ್ಗೆ ಹೇಳದೆ ಮುಂದೆ ಹೋಗೋಕಾಗಲ್ಲ. 2007ರ ಫೆಬ್ರವರಿ 11, ಡಬ್ಲಿನ್ನಿನ ಕ್ರೋಕ್ ಪಾರ್ಕ್. ಅದು ಐರ್ಲೆಂಡಿನ ದೇಸಿ ಆಟಗಳ ಮೈದಾನ. ಬ್ರಿಟಿಷರ ಆಟಗಳಿಗೆ ಅಲ್ಲಿ ದಶಕಗಳ ಕಾಲ ಬಾಗಿಲು ಮುಚ್ಚಿತ್ತು, 1920ರಲ್ಲಿ ಅದೇ ಮೈದಾನದಲ್ಲಿ ಬ್ರಿಟಿಷ್ ಪಡೆ ಪ್ರೇಕ್ಷಕರ ಮೇಲೆ ಗುಂಡು ಹಾರಿಸಿತ್ತು ಅನ್ನೋದು ನೆನಪಿದ್ದರೆ ಯಾಕೆ ಅಂತ ಕೇಳಬೇಕಾಗಿಲ್ಲ. ರಗ್ಬಿಯ ಲ್ಯಾನ್ಸ್‌ಡೌನ್ ರೋಡ್ ಮೈದಾನ ಕೆಡವಿ ಕಟ್ಟುವಾಗ ಮೊದಲ ಬಾರಿಗೆ ಬಾಗಿಲು ತೆರೆದರು. ಮೊದಲ ರಗ್ಬಿ ಪಂದ್ಯಕ್ಕೆ ಎಂಬತ್ತು ಸಾವಿರಕ್ಕೂ ಹೆಚ್ಚು ಜನ. ಕೊನೆಯ ಎರಡು ನಿಮಿಷ ಉಳಿದಿದ್ದಾಗ ಐರ್ಲೆಂಡ್ 17, ಫ್ರಾನ್ಸ್ 13. ಇಡೀ ಊರು ಹಬ್ಬಕ್ಕೆ ಸಿದ್ಧ. ಆಟ ಮತ್ತೆ ಶುರುವಾದ ಒದೆತದಲ್ಲೇ ಫ್ರಾನ್ಸ್ ಚೆಂಡು ಕಸಿದುಕೊಂಡಿತು, ಒಂದೆರಡು ಗುದ್ದಾಟ ಆಯಿತು, ನೋಡ್ತಾ ನೋಡ್ತಾ ಕ್ಲೆರ್ ಐರಿಷ್ ಸಾಲಿನ ಸಂದಿಯಲ್ಲಿ ನುಸುಳಿ ಗೆರೆಯ ಆಚೆ ಬಿದ್ದಿದ್ದ. 20-17. ಆ ವರ್ಷ ಸಿಕ್ಸ್ ನೇಷನ್ಸ್ ಟೂರ್ನಿಯಲ್ಲಿ ಐರ್ಲೆಂಡ್ ಸೋತದ್ದು ಅದೊಂದೇ ಪಂದ್ಯ. ಕೊನೆಗೆ ಎರಡೂ ತಂಡ ನಾಲ್ಕು ನಾಲ್ಕು ಗೆದ್ದು, ಅಂಕಗಳ ಅಂತರದಲ್ಲಿ ಫ್ರಾನ್ಸ್ ಚಾಂಪಿಯನ್ ಆಯಿತು. ಐರಿಷರಿಗೆ ಅವನ ಮುಖ ಕಂಡರೆ ಹೊಟ್ಟೆಯುರಿ ಬಂದರೆ ಅದರಲ್ಲಿ ಆಶ್ಚರ್ಯವಿಲ್ಲ. ಅಷ್ಟು ಸಾಲದು ಅಂತ ಮುಂದಿನ ವರ್ಷ ಪ್ಯಾರಿಸ್ಸಿನಲ್ಲಿ ಅವರ ಮೇಲೇ ಮೂರು ಟ್ರೈ ಹೊಡೆದ.

2011ರ ವಿಶ್ವಕಪ್ಪಿಗೆ ಬಂದಾಗ ಫ್ರಾನ್ಸ್ ತಂಡ ನೋಡೋ ಹಾಗಿರಲಿಲ್ಲ. ಟಾಂಗಾ ಎದುರು 14-19ರಿಂದ ಸೋತರು, ಆ ಪಂದ್ಯದಲ್ಲಿ ಫ್ರಾನ್ಸಿನ ಏಕೈಕ ಟ್ರೈ ಕ್ಲೆರ್‌ನದು. ಕೆನಡಾ ಎದುರು ಮೂರು, ಜಪಾನ್ ಎದುರು ಒಂದು, ಕ್ವಾರ್ಟರ್ ಫೈನಲ್ಲಿನಲ್ಲಿ ಇಂಗ್ಲೆಂಡ್ ಎದುರು ಒಂದು. ಒಟ್ಟು ಆರು. ಆ ಟೂರ್ನಿಯಲ್ಲಿ ಅಷ್ಟು ಹೊಡೆದ ಇನ್ನೊಬ್ಬ ಇಂಗ್ಲೆಂಡಿನ ಕ್ರಿಸ್ ಆಷ್ಟನ್ ಮಾತ್ರ.

ಅಕ್ಟೋಬರ್ 15, ಆಕ್ಲೆಂಡಿನ ಈಡನ್ ಪಾರ್ಕ್, ವೇಲ್ಸ್ ವಿರುದ್ಧ ಸೆಮಿಫೈನಲ್. ಆಟ ಶುರುವಾಗಿ ಇಪ್ಪತ್ತು ನಿಮಿಷವೂ ಆಗಿಲ್ಲ. ಚೆಂಡು ಹಿಡಿದ ಕ್ಲೆರ್‌ನನ್ನು ವಾರ್ಬರ್ಟನ್ ಎದುರಿನಿಂದ ಹಿಡಿದ. ತನಗಿಂತ ಹಗುರದವನು, ಹೊಡೆತದ ವೇಗಕ್ಕೆ ಕಾಲು ಮೇಲೆ ಹೋಯ್ತು, ತಲೆ ಕೆಳಗೆ ಬಂತು. ಆ ಗಳಿಗೆಯಲ್ಲಿ ವಾರ್ಬರ್ಟನ್ ಕೈ ಬಿಟ್ಟುಬಿಟ್ಟ. ಕ್ಲೆರ್ ಕತ್ತು, ಹೆಗಲ ಮೇಲೆ ಬಂದು ನೆಲಕ್ಕೆ ಬಿದ್ದ. ಐರಿಷ್ ರೆಫರಿ ಅಲಾಂ ರೋಲಾಂ ಹೆಚ್ಚು ಯೋಚಿಸದೆ ಕೆಂಪು ಕಾರ್ಡ್ ತೆಗೆದ. ಉಳಿದ ಒಂದು ಗಂಟೆಗೂ ಮಿಗಿಲಾದ ಆಟವನ್ನು ವೇಲ್ಸ್ ಹದಿನಾಲ್ಕು ಜನರಲ್ಲಿ ಆಡಿತು, ಸೋತದ್ದು 8-9ರಿಂದ. ಒಂದೇ ಅಂಕ!

ವೇಲ್ಸ್ ಜನರ ಹೊಟ್ಟೆ ಉರಿಯಿತು, ನಮಗೂ ಅರ್ಥ ಆಗುತ್ತೆ. ಅವರ ದೇಶ ಕರ್ನಾಟಕದ ಒಂದು ಮೂಲೆಯಲ್ಲಿ ಮುಗಿದುಹೋಗುವಷ್ಟು ಚಿಕ್ಕದು, ವಿಶ್ವಕಪ್ ಫೈನಲ್ಲಿಗೆ ಹೋದದ್ದೇ ಇಲ್ಲ. ಅವರ ದೂರುಗಳನ್ನು ಒಂದೊಂದಾಗಿ ನೋಡೋಣ.

ರೋಲಾಂ ಅಪ್ಪ ಫ್ರೆಂಚ್ ಅನ್ನೋದು ಒಂದು. ಇದಕ್ಕೆ ಉತ್ತರ ಕೊಡೋದೇ ದಂಡ. ಅಪ್ಪನ ಊರು ನೋಡಿ ತೀರ್ಪು ಅಳೆಯೋಕೆ ಶುರು ಮಾಡಿದ್ರೆ ಜಗತ್ತಿನಲ್ಲಿ ಒಬ್ಬ ಅಂಪೈರೂ ಉಳಿಯೋದಿಲ್ಲ.

ವಾರ್ಬರ್ಟನ್ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ ಅನ್ನೋದು ಇನ್ನೊಂದು. ನಿಜವೇ ಇರಬೇಕು, ಆ ಟೂರ್ನಿಯ ಅತ್ಯುತ್ತಮ ಆಟಗಾರರಲ್ಲಿ ಒಬ್ಬ, ಕೊಳಕು ಆಟದವನಲ್ಲ. ಆದರೆ ನಿಯಮ ಮನಸ್ಸಿನ ಬಗ್ಗೆ ಕೇಳೋದೇ ಇಲ್ಲ. ಎದುರಾಳಿಯನ್ನು ನೆಲದಿಂದ ಎತ್ತಿದವನು ಅವನನ್ನು ಸುರಕ್ಷಿತವಾಗಿ ಇಳಿಸಬೇಕು, ಅಷ್ಟೇ. "ಅವನು ಕೆಳಕ್ಕೆ ತುಳಿಯಲಿಲ್ಲ, ಬರೀ ಕೈ ಬಿಟ್ಟ" ಅಂತ ಸಮರ್ಥಿಸುವವರು ಗಮನಿಸಬೇಕಾದ್ದು: ಗಾಳಿಯಲ್ಲಿ ತಲೆಕೆಳಗಾಗಿ ಇರುವವನ ಕೈಯಲ್ಲಿ ಏನೂ ಇರೋದಿಲ್ಲ, ಎತ್ತಿದವನ ಕೈಯೇ ಅವನಿಗೆ ಗತಿ. ಕೈ ಬಿಡೋದು ಅಲ್ಲಿ ರಿಯಾಯಿತಿಗೆ ಕಾರಣ ಆಗೋಕೆ ಸಾಧ್ಯ ಇಲ್ಲ. ಇಂಥ ಟ್ಯಾಕಲ್ ಕಂಡಾಗ ಕೆಂಪು ಕಾರ್ಡಿನಿಂದಲೇ ಯೋಚನೆ ಶುರು ಮಾಡಿ, ವಿನಾಯಿತಿಗೆ ಕಾರಣ ಸಿಕ್ಕರೆ ಮಾತ್ರ ಕೆಳಗಿಳಿಯಿರಿ ಅಂತ ಅಂತಾರಾಷ್ಟ್ರೀಯ ರಗ್ಬಿ ಮಂಡಳಿ 2009ರಲ್ಲೇ ರೆಫರಿಗಳಿಗೆ ಹೇಳಿಯಾಗಿತ್ತು. ಅದೇ ವಿಶ್ವಕಪ್ಪಿನಲ್ಲಿ, ಟಾಂಗಾ ಪಂದ್ಯದಲ್ಲಿ ಇದೇ ಬಗೆಯ ಟ್ಯಾಕಲ್ ಮಾಡಿದ್ದ ಫ್ರಾನ್ಸಿನ ಫಾಬ್ರಿಸ್ ಎಸ್ತೆಬಾನೆಜ್‌ನಿಗೂ ಮೂರು ವಾರ ನಿಷೇಧ. ವಾರ್ಬರ್ಟನ್‌ಗೂ ಮೂರೇ ವಾರ. ಪಕ್ಷಪಾತ ಎಲ್ಲಿದೆ?

ಆದರೆ ನಮ್ಮನ್ನು ಹೆಚ್ಚು ಕಾಡೋದು ಮೂರನೆಯ ಮಾತು, ಯಾಕಂದ್ರೆ ಅದನ್ನು ಬುದ್ಧಿವಂತರೂ ಹೇಳ್ತಾರೆ: "ಕ್ಲೆರ್‌ಗೆ ಏನೂ ಆಗಲಿಲ್ಲವಲ್ಲ!" ಹೌದು, ಏನೂ ಆಗಲಿಲ್ಲ. ಸ್ವಲ್ಪ ಹೊತ್ತು ಬಿದ್ದಿದ್ದು ಎದ್ದ, ಆಟ ಮುಂದುವರಿಸಿದ, ಮುಂದಿನ ಭಾನುವಾರ ಫೈನಲ್ಲಿನಲ್ಲೂ ಆಡಿದ. (ನ್ಯೂಜಿಲೆಂಡ್ 8, ಫ್ರಾನ್ಸ್ 7. ಆ ವಾರ ಒಂದಂಕ ಎರಡು ದೇಶಗಳಿಗೆ ಮುನಿದಿತ್ತು.)

ಇಂಜಿನಿಯರಿಂಗ್ ಓದುವವರಿಗೆ ಈ ವಾದ ಹೊಸದಲ್ಲ. ವರ್ಕ್‌ಶಾಪಿನಲ್ಲಿ ಲೇತಿನ ಚಕ್‌ನಲ್ಲಿ ಕೀ ಬಿಟ್ಟು ಸ್ವಿಚ್ ಕಡೆ ಕೈ ಚಾಚಿದವನನ್ನು ಇನ್‌ಸ್ಟ್ರಕ್ಟರ್ ಹೊರಗೆ ಕಳಿಸ್ತಾರೆ. "ಸಾರ್, ಮಷೀನ್ ಆನ್ ಆಗಿರಲಿಲ್ಲ, ಯಾರಿಗೂ ತಾಗಿಲ್ಲ" ಅಂದ್ರೆ ಅವರು ಕೇಳೋದಿಲ್ಲ, ಕೇಳಬಾರದು ಕೂಡ. ತಾಗದೇ ಹೋದದ್ದು ಅದೃಷ್ಟ. ಕೀ ಬಿಟ್ಟದ್ದು ಕೆಲಸ. ಶಿಕ್ಷೆ ಕೆಲಸಕ್ಕೆ. ಕಾರ್ಖಾನೆಗಳಲ್ಲಿ 'ನಿಯರ್ ಮಿಸ್' ಅಂತ ಬೇರೆ ಪುಸ್ತಕವನ್ನೇ ಇಡ್ತಾರೆ, ಕೂದಲೆಳೆಯಲ್ಲಿ ತಪ್ಪಿದ್ದನ್ನೆಲ್ಲ ಬರೆಯೋಕೆ. ಯಾರೂ ಸಾಯದ ದಿನವೇ ಅದನ್ನು ಬರೆಯಬೇಕು. ಸತ್ತ ದಿನ ಬರೆಯೋದು ಬೇರೆ ಪುಸ್ತಕ.

ತದ್ವಿರುದ್ಧದ ಉದಾಹರಣೆಯೂ ಇದೆ. 2005ರ ಜೂನಿನಲ್ಲಿ ಕ್ರೈಸ್ಟ್‌ಚರ್ಚ್‌ನಲ್ಲಿ ಬ್ರಿಟಿಷ್ ಮತ್ತು ಐರಿಷ್ ಲಯನ್ಸ್ ನಾಯಕ ಬ್ರಯಾನ್ ಓಡ್ರಿಸ್ಕಲ್‌ನನ್ನು ಪಂದ್ಯದ ಆರಂಭದಲ್ಲೇ ಇಬ್ಬರು ನ್ಯೂಜಿಲೆಂಡ್ ಆಟಗಾರರು ಎತ್ತಿ ಹಾಕಿದರು. ಹೆಗಲ ಕೀಲು ತಪ್ಪಿ ಪ್ರವಾಸವೇ ಮುಗಿಯಿತು. ಕೈ ಮುಂದೆ ಚಾಚಿದ್ದಕ್ಕೆ ಕತ್ತು ಉಳಿಯಿತು. ಕಾರ್ಡ್ ಇಲ್ಲ, ನಿಷೇಧ ಇಲ್ಲ. ಬ್ರಿಟನ್ನಿನವರೆಲ್ಲ ಆಗ ನ್ಯಾಯ ಎಲ್ಲಿ ಅಂತ ಕೂಗಿದ್ದರು. ಆರು ವರ್ಷ ಕಳೆದು ಅದೇ ನ್ಯಾಯ ಬಂದಾಗ ತಮ್ಮವನ ಕೊರಳಿಗೆ ಬಂತು ಅಂತ ಬೇಡ ಅನ್ನೋದು ಹೇಗೆ?

"ಸೆಮಿಫೈನಲ್ ಹಾಳಾಯ್ತು" ಅನ್ನೋದನ್ನು ನಾವು ತಳ್ಳಿಹಾಕಲ್ಲ. ಹಾಳಾಯ್ತು. ಫ್ರಾನ್ಸ್ ಒಂದೂ ಟ್ರೈ ಹೊಡೆಯದೆ, ಮೊರ್ಗಾನ್ ಪಾರಾನ ಮೂರು ಪೆನಾಲ್ಟಿಯಲ್ಲಿ ಗೆದ್ದದ್ದನ್ನು ನೋಡಿ ಖುಷಿಪಟ್ಟವರು ಫ್ರಾನ್ಸಿನ ಹೊರಗೆ ಯಾರೂ ಇರಲಿಕ್ಕಿಲ್ಲ. ಒಬ್ಬನ ತಪ್ಪಿಗೆ ತಂಡಕ್ಕೆಲ್ಲ ಅರವತ್ತು ನಿಮಿಷದ ಶಿಕ್ಷೆ ಹೆಚ್ಚಾಯಿತಾ ಅಂತ ಚರ್ಚೆ ಮಾಡಬಹುದು, ಮಾಡಲಿ. ಆದರೆ ಪಂದ್ಯ ದೊಡ್ಡದಾದಷ್ಟು ಕತ್ತಿನ ಬೆಲೆ ಕಡಿಮೆ ಆಗಬೇಕು ಅನ್ನೋ ಲೆಕ್ಕ ನಮಗೆ ಹತ್ತೋದಿಲ್ಲ. ಸೇತುವೆ ಉದ್ಘಾಟನೆಗೆ ಮಂತ್ರಿ ಬರ್ತಾರೆ ಅಂತ ಲೋಡ್ ಟೆಸ್ಟ್ ಬಿಡ್ತೀವಾ? ಜೊತೆಗೆ, ವೇಲ್ಸ್‌ಗೆ ಗೆಲ್ಲೋ ಅವಕಾಶ ಉಳಿದೇ ಇತ್ತು. ಮೈಕ್ ಫಿಲಿಪ್ಸ್ ಟ್ರೈ ಹೊಡೆದ, ಅದರ ನಂತರದ ಎರಡಂಕದ ಒದೆತ ತಪ್ಪಿತು. ಕೊನೆಗೆ ಲೀ ಹಾಫ್‌ಪೆನ್ನಿ ಬಹುದೂರದಿಂದ ಒದ್ದ ಪೆನಾಲ್ಟಿ ಅಡ್ಡಪಟ್ಟಿಯ ಸ್ವಲ್ಪ ಕೆಳಗೆ ಸೋತು ಬಿತ್ತು. ಆ ಒದೆತಗಳಿಗೂ ಕ್ಲೆರ್‌ಗೂ ಸಂಬಂಧ ಇಲ್ಲ.

ಆದ್ದರಿಂದ ನಮ್ಮ ಕೋರಿಕೆ ಸರಳ. ಆ ವಿಡಿಯೊ ನೋಡುವಾಗ ಒಮ್ಮೆ ವಾರ್ಬರ್ಟನ್ ಬೆಂಚಿನ ಮೇಲೆ ಕುಗ್ಗಿ ಕುಳಿತ ದೃಶ್ಯ ಬಿಟ್ಟು, ನೆಲದ ಮೇಲಿದ್ದವನ ಕಡೆ ನೋಡಿ. ಅವನಿಗೆ ಆಗ ಮೂವತ್ತು ವರ್ಷ. ಆಮೇಲೆ ಇನ್ನೂ ಏಳು ಸೀಸನ್ ಆಡಿದ. ಮುಂದಿನ ವರ್ಷ ತುಲೂಸ್ ಜೊತೆ ಇನ್ನೊಂದು ಲೀಗ್ ಗೆದ್ದ, ಕೊನೆಯ ದಿನಗಳಲ್ಲಿ ತುಲಾಂ ಜೆರ್ಸಿಯಲ್ಲಿ ಲೀಗಿನ ನೂರು ಟ್ರೈ ದಾಟಿದ. ಆ ಸಂಜೆ ಬಿದ್ದ ಕೋನ ಒಂದಿಷ್ಟು ಬೇರೆಯಾಗಿದ್ದರೆ ಇದ್ಯಾವುದೂ ಇರುತ್ತಿರಲಿಲ್ಲ.

2018ರ ಬೇಸಿಗೆಯಲ್ಲಿ ಕ್ಲೆರ್ ನಿವೃತ್ತನಾದ, 37 ವರ್ಷಕ್ಕೆ. ಅದೇ ಜುಲೈನಲ್ಲಿ ವಾರ್ಬರ್ಟನ್ ಕೂಡ ಆಟ ಬಿಟ್ಟ. ಕತ್ತಿನ, ಮೊಣಕಾಲಿನ ಶಸ್ತ್ರಚಿಕಿತ್ಸೆಗಳಾದ ಮೇಲೆ ದೇಹ ಒಪ್ಪಲಿಲ್ಲ. ಅವನಿಗೆ ಆಗ 29.