ಬ್ರೇಕ್ ಪ್ಯಾಡು: ಕಂಪನಿಯದೋ, ಹೊರಗಿನದೋ?



ಮೈಲುತುತ್ತ ಕೊಳ್ಳುವಾಗ ನಾವು ಯಾರ ತಯಾರಿಕೆಯೆಂದು ಕೇಳಿ, ಹರಳನ್ನು ಬೆಳಕಿಗೆ ಹಿಡಿದು ನೋಡಿ ಕೊಳ್ಳುತ್ತೇವೆ. ಬೋರ್ಡೋ ದ್ರಾವಣ ಕೆಟ್ಟರೆ ಕೊಳೆರೋಗಕ್ಕೆ ವರ್ಷದ ಅಡಿಕೆಯೇ ಹೋದೀತೆಂಬ ಭಯ ನಮಗಿದೆ. ಆದರೆ ಮನೆಮಂದಿಯನ್ನು ಕೂರಿಸಿಕೊಂಡು ಘಾಟಿ ಇಳಿಯುವ ಕಾರಿಗೆ ಬ್ರೇಕ್ ಪ್ಯಾಡು ಹಾಕಿಸುವಾಗ ಮಾತ್ರ "ಯಾವುದಾದರೂ ಹಾಕಪ್ಪ" ಎಂದು ಮೆಕ್ಯಾನಿಕ್‌ಗೆ ಹೇಳಿ ಕಾಫಿ ಕುಡಿಯಲು ಹೋಗುತ್ತೇವೆ. ನಾನೂ ಹಾಗೆ ಮಾಡಿದವನೇ.

ಎರಡು ವರ್ಷದ ಹಿಂದೆ ಹೆಸರಿಲ್ಲದ ಪ್ಯಾಡು ಹಾಕಿಸಿ 600 ರೂಪಾಯಿ ಉಳಿಸಿದೆ. ತೋಟದ ರಸ್ತೆಯಲ್ಲಿ ಏನೂ ತೊಂದರೆ ಕಾಣಲಿಲ್ಲ. ಒಂದು ದಿನ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುತ್ತಿದ್ದಾಗ ಅರ್ಧ ದಾರಿಯಲ್ಲಿ ಸುಟ್ಟ ವಾಸನೆ ಬಂತು. ಪೆಡಲ್ ಗಟ್ಟಿಯಾಗಿಯೇ ಇದೆ, ಗಾಡಿ ಮಾತ್ರ ನಿಲ್ಲುತ್ತಿಲ್ಲ! ಗೇರು ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹೇಗೋ ಗುಡ್ಡದ ಬದಿಗೆ ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿ ಅಮ್ಮ ಇದ್ದರು. ಆ 600 ರೂಪಾಯಿ ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಪ್ಯಾಡೆಂದರೆ ಉಕ್ಕಿನ ತಗಡಿಗೆ ಅಂಟಿಸಿದ ಒಂದು ಮಿಶ್ರಣ. ಅದನ್ನು ಹಿಡಿದಿಡುವುದು ರಾಳ. ಇಳಿಜಾರಿನುದ್ದಕ್ಕೂ ಬ್ರೇಕ್ ಒತ್ತಿಯೇ ಇದ್ದರೆ ಕಾವು ಏರುತ್ತದೆ. ಕಳಪೆ ಮಾಲಿನಲ್ಲಿ ರಾಳ ಬೇಗ ಸುಟ್ಟು ಹಿಡಿತ ತಪ್ಪುತ್ತದೆ. ಬಯಲುಸೀಮೆಯಲ್ಲಿ ನಡೆದೀತು, ಘಾಟಿಯಲ್ಲಿ ನಡೆಯದು.

ಹಾಗೆಂದು ಕಾರು ಕಂಪನಿಯ ಪೆಟ್ಟಿಗೆಯದೇ ಆಗಬೇಕೆಂಬ ವಾದವನ್ನೂ ನಾನು ಒಪ್ಪೆ. ಕಾರು ಕಂಪನಿಗಳು ಸಾಮಾನ್ಯವಾಗಿ ಪ್ಯಾಡನ್ನು ತಾವೇ ಮಾಡುವುದಿಲ್ಲ. ರಾಣೆ, ಬ್ರೇಕ್ಸ್ ಇಂಡಿಯಾದಂತಹ ಬಿಡಿಭಾಗ ತಯಾರಕರಿಂದ ಪಡೆಯುತ್ತವೆ. ಇಂತಹ ತಯಾರಕರು ತಮ್ಮ ಹೆಸರಿನಲ್ಲೂ ಅಂಗಡಿಗೆ ಮಾರುತ್ತಾರೆ, ಕ್ರಯವೂ ಸಾಮಾನ್ಯವಾಗಿ ಕಡಿಮೆ. ಎರಡರ ಮಿಶ್ರಣ ಯಾವಾಗಲೂ ಒಂದೇ ಎನ್ನಲಾಗದು. ಆದುದರಿಂದ ವಾರಂಟಿ ಇರುವ ಹೊಸ ಕಾರಿಗೆ ಕಂಪನಿಯದು ಲೇಸು. ಹಳೆಯ ಕಾರಿಗೆ ಹೆಸರಾಂತ ತಯಾರಕರದು ಸಾಕು. ಹೆಸರಿಲ್ಲದ್ದು ಯಾವ ಕಾರಿಗೂ ಬೇಡ. ಕಂಪನಿಯ ಪೆಟ್ಟಿಗೆಯಲ್ಲೇ ಡೂಪ್ಲಿಕೇಟ್ ಬರುವುದೂ ಉಂಟು. ಬಿಲ್ಲು ಕೊಡದ ಅಂಗಡಿಯಿಂದ ಎದ್ದು ಬನ್ನಿ.

ಯಾವುದನ್ನೇ ಹಾಕಿಸಿದರೂ ಎರಡೂ ಬದಿಗೆ ಒಟ್ಟಿಗೇ ಬದಲಿಸಿ. ದಪ್ಪ 3 ಮಿ.ಮೀ.ಗೆ ಬರುವ ಮುನ್ನವೇ ತೆಗೆಸಿ. ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಲು ಮೊದಲ 200-300 ಕಿ.ಮೀ. ಬೇಕು, ಅಷ್ಟರೊಳಗೆ ಘಾಟಿ ಇಳಿಯದಿದ್ದರೆ ಒಳ್ಳೆಯದು. ಏರುವಾಗ ಬೇಕಾಗುವ ಗೇರಿನಲ್ಲಿಯೇ ಇಳಿಯಿರಿ. ಗೇರಿನಲ್ಲಿ ಇಳಿಯದವನನ್ನು ಎಷ್ಟು ದುಬಾರಿ ಪ್ಯಾಡೂ ಕಾಯಲಾರದು.

ಕೊನೆಗೊಂದು ಸಲಹೆ. ಗೊಬ್ಬರ, ಮೈಲುತುತ್ತ ಮಾರುವ ನಮ್ಮ ಸಂಘದ ಮಳಿಗೆಯಲ್ಲಿಯೇ ಸದಸ್ಯರ ವಾಹನಗಳಿಗೆ ಹೊಂದುವ ಒಳ್ಳೆಯ ಪ್ಯಾಡುಗಳನ್ನು ಬಿಲ್ಲು ಸಹಿತ ಒದಗಿಸಲಾಗದೇ? ಬೆಳೆ ಉಳಿಸಲು ಕಟ್ಟಿಕೊಂಡ ಸಂಘ, ಬೆಳೆದವನ ಜೀವವನ್ನೂ ಲೆಕ್ಕಕ್ಕೆ ಹಿಡಿಯಲಿ. ಮುಂದಿನ ಮಹಾಸಭೆಯಲ್ಲಿ ಇದನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ಆಡಳಿತ ಮಂಡಳಿಯಲ್ಲಿ ವಿನಂತಿ.

— ಓರ್ವ ಸದಸ್ಯ