ರಿಂಗು ಬದಲಿಸಿದ ಮಾತ್ರಕ್ಕೆ ಎಂಜಿನು ಹೊಸದಾಗದು

ನಮ್ಮ ಕಾಸರಗೋಡು ಕಡೆಯ ಗುಡ್ಡದ ತೋಟಗಳಿಗೆ ಹಳೆಯ ಡೀಸೆಲ್ ಜೀಪಿನಿಂದಾಗುವ ಉಪಕಾರವನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗೊಬ್ಬರ ಏರುವುದೂ ಅಡಿಕೆ ಇಳಿಯುವುದೂ ಅದರಲ್ಲೇ. ಮಳೆಗಾಲದ ನಡುರಾತ್ರಿಯಲ್ಲಿ ಯಾರಿಗಾದರೂ ಎದೆನೋವು ಬಂದರೆ ಡಾಮರು ರಸ್ತೆಯವರೆಗೆ ರೋಗಿಯನ್ನು ತಲುಪಿಸುವುದೂ ಅದೇ. ಅಂಥ ಜೀಪು ಬೆಳಗ್ಗೆ ನಾಲ್ಕು ಜನ ದೂಡಿದ ಹೊರತು ಹೊರಡದೆಂಬ ಸ್ಥಿತಿಗೆ ಬಂದಾಗ ಯಜಮಾನನ ಮುಂದೆ ಮೂರು ದಾರಿಗಳುಂಟು: ಗುಜರಿಗೆ ಹಾಕುವುದು, ಬೇರೆಲ್ಲಿಂದಲೋ ಹಳೆಯ ಎಂಜಿನು ತಂದು ಕೂರಿಸುವುದು, ಇಲ್ಲವೆ ಇದ್ದುದನ್ನೇ ಬಿಚ್ಚಿ ಸರಿಪಡಿಸುವುದು. ಮೂರನೆಯದೇ ಮೇಲೆಂಬುದು ನನ್ನ ಅಭಿಪ್ರಾಯ. ಆದರೆ ನಮ್ಮಲ್ಲಿ ಅದನ್ನು ಮಾಡಿಸುವ ಕ್ರಮ ಮಾತ್ರ ಸರಿಯಿಲ್ಲ.

ಹೆಡ್ ಬಿಚ್ಚಿ, ಪಿಸ್ಟನ್ ಎಳೆದು, ಹೊಸ ರಿಂಗು ತೊಡಿಸಿ, ಹೊಸ ಗ್ಯಾಸ್ಕೆಟ್ ಇಟ್ಟು ಮುಚ್ಚಿದರೆ ಎಂಜಿನ್ ಕೆಲಸ ಮುಗಿಯಿತೆಂದು ಲೆಕ್ಕ. ಅಳತೆಯೆಂಬ ಮಾತೇ ಇಲ್ಲ! ನನ್ನ ನೆರೆಯ ತೋಟದವರೊಬ್ಬರು ಎರಡು ವರ್ಷಗಳಲ್ಲಿ ಎರಡು ಸಲ ಹೀಗೆ ರಿಂಗು ಹಾಕಿಸಿದರು. ಎರಡು ಸಲವೂ ವರ್ಷ ತುಂಬುವ ಮೊದಲೇ ನೀಲಿ ಹೊಗೆ ಮರಳಿ ಬಂತು.

ಕಾರಣ ಸರಳವಾದುದು. ಡೀಸೆಲ್ ಎಂಜಿನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ. ಸಿಲಿಂಡರಿನೊಳಗಣ ಗಾಳಿಯನ್ನು ಸುಮಾರು ಇಪ್ಪತ್ತನೆಯ ಒಂದು ಪಾಲಿಗೆ ಅದುಮಿದಾಗ ಅದರ ಶಾಖ 500 ಡಿಗ್ರಿ ಮೀರುತ್ತದೆ. ಆ ಶಾಖಕ್ಕೇ ಡೀಸೆಲ್ ಹೊತ್ತಿಕೊಳ್ಳಬೇಕು. ಗಾಳಿ ಬದಿಯಿಂದ ಸೋರಿದರೆ ಶಾಖ ಸಾಲದು, ಎಂಜಿನು ಹೊರಡದು. ಈ ಸೋರಿಕೆ ಸವೆದ ರಿಂಗಿನಿಂದ ಮಾತ್ರ ಆಗುವುದಲ್ಲ. ಸಿಲಿಂಡರು ತಾನೂ ಸವೆಯುತ್ತದೆ, ಅದೂ ಸಮನಾಗಿ ಅಲ್ಲ. ಮೇಲಿನ ರಿಂಗು ತಿರುಗಿ ಕೆಳಗಿಳಿಯುವ ಎಡೆಯಲ್ಲಿ ಅತಿ ಹೆಚ್ಚು, ಕೆಳಗೆ ಕಡಿಮೆ. ಗುಂಡಗಿದ್ದ ಬೋರು ಕಾಲಕ್ರಮದಲ್ಲಿ ಮೊಟ್ಟೆಯಾಕಾರ ತಾಳುತ್ತದೆ. ರಿಂಗು ಮುಟ್ಟದ ಮೇಲಂಚಿನಲ್ಲಿ ಮಾತ್ರ ಸವೆಯದ ತುಟಿಯೊಂದು ಉಳಿಯುತ್ತದೆ. ಬೆರಳಾಡಿಸಿದರೆ ಅದು ತಿಳಿಯುವುದು. ಗುಂಡಗಿನ ಹೊಸ ರಿಂಗು ಗುಂಡಲ್ಲದ ಬೋರಿನಲ್ಲಿ ಕೂರುವುದು ಹೇಗೆ? ಮೇಲಿನ ತುಟಿಗೆ ಬಡಿದು ಮುರಿದರೂ ಆಶ್ಚರ್ಯವಿಲ್ಲ.

ಆದುದರಿಂದ ಮೊದಲು ಅಳತೆ, ಆಮೇಲೆ ಸಾಮಾನು. ಹಳೆಯ ಮಹೀಂದ್ರ ಜೀಪುಗಳಲ್ಲಿ ಅನೇಕಕ್ಕೆ ಪ್ಯೂಜೋ ಎಂಬ ಫ್ರೆಂಚ್ ಕಂಪೆನಿಯ ಎಕ್ಸ್‌ಡಿಪಿ 4.90 ಎಂಜಿನಿದೆ. ಹೆಸರಿನ 4 ಎಂದರೆ ನಾಲ್ಕು ಸಿಲಿಂಡರು, 90 ಎಂದರೆ 90 ಮಿಲಿಮೀಟರಿನ ಬೋರು. ಪಿಸ್ಟನಿನ ಓಟ 83 ಮಿ.ಮೀ. ಏಳನೆಯ ತರಗತಿಯ ಹುಡುಗರಿಗೆ ಕೊಳವೆಯ ಘನಫಲ ಕಲಿಸುವಾಗ ಈ ಲೆಕ್ಕ ಕೊಡುತ್ತೇನೆ. ಉತ್ತರ 2112 ಘನ ಸೆಂಟಿಮೀಟರು. ಇಂಥ ಎಂಜಿನಿನ ಪ್ರತಿ ಬೋರನ್ನೂ ಮೇಲೆ, ನಡುವೆ, ಕೆಳಗೆ, ಒಂದೊಂದು ಕಡೆಯಲ್ಲೂ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಡಯಲ್ ಗೇಜಿನಿಂದ ಅಳೆಯಬೇಕು. ನಾಲ್ಕಕ್ಕೆ 24 ಅಂಕಿಗಳು. ಲೇತಿನವರಲ್ಲಿ ಅವನ್ನು ಕಾಗದದ ಮೇಲೆ ಬರೆಸಿಕೊಳ್ಳತಕ್ಕದ್ದು. ಬಿಲ್ಲು ಮಲಯಾಳದಲ್ಲಿದ್ದರೂ ಕನ್ನಡದಲ್ಲಿದ್ದರೂ ಅಂಕಿ ಓದಲು ನಮಗೆ ಯಾರ ಸಹಾಯವೂ ಬೇಡ.

ಆ ಅಂಕಿಗಳು ಮುಂದಿನ ಕೆಲಸವನ್ನು ಹೇಳುತ್ತವೆ. ತೆಗೆದು ಹಾಕುವಂಥ ಲೈನರು ಇದ್ದಲ್ಲಿ ಲೈನರೂ ಪಿಸ್ಟನೂ ಕೂಡಿದ ಸೆಟ್ಟನ್ನೇ ಹಾಕಿಸಬಹುದು. ಹೊಸ ಲೈನರು ಬ್ಲಾಕಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲೆ ನಿಲ್ಲಬೇಕು, ಇಲ್ಲವಾದರೆ ಗ್ಯಾಸ್ಕೆಟ್ ಬಿಗಿಯದೆ ನೀರು ಎಣ್ಣೆಗೆ ಸೇರುತ್ತದೆ. ಲೈನರು ಇಲ್ಲದ ಎಂಜಿನಾದರೆ ಕಾಲೋ ಅರ್ಧವೋ ಮಿಲಿಮೀಟರು ಅಗಲಕ್ಕೆ ಬೋರು ಮಾಡಿಸಬೇಕು. ಮೊದಲು ಓವರ್‌ಸೈಜ್ ಪಿಸ್ಟನ್ ಕೊಂಡು, ಅದನ್ನೇ ಅಳೆದು, ಅದಕ್ಕೊಪ್ಪುವಂತೆ ಬೋರು ಮಾಡಿಸಬೇಕಲ್ಲದೆ ಬೋರು ಮಾಡಿಸಿ ಪಿಸ್ಟನ್ ಹುಡುಕುವುದಲ್ಲ. ಕ್ರ್ಯಾಂಕಿನ ಅಳತೆಯೂ ಇದೇ ಸಲ ಆಗಲಿ. ನಾಜಲ್‌ಗಳನ್ನು ಪರೀಕ್ಷೆಗೆ ಕೊಡದೆ ಮರಳಿ ಹಾಕಬಾರದು. ತುಂತುರಿನ ಬದಲು ತೊಟ್ಟಿಕ್ಕುವ ನಾಜಲು ಹೊಸ ಪಿಸ್ಟನನ್ನೂ ಸುಟ್ಟೀತು.

ಎಂಜಿನು ಬಿಚ್ಚುವುದಕ್ಕೇ ಅವಸರವೂ ಬೇಡ. ಹೀಟರ್ ಪ್ಲಗ್ ಸುಟ್ಟಿದ್ದರೂ, ಬ್ಯಾಟರಿ ಸೊರಗಿದ್ದರೂ ಬೆಳಗಿನ ಹಟ ಹೀಗೆಯೇ ಇರುತ್ತದೆ. ಹೀಟರ್ ಪ್ಲಗ್ಗಿನ ತೂತಿಗೆ ಗೇಜು ಹಾಕಿ ನಾಲ್ಕು ಸಿಲಿಂಡರುಗಳ ಒತ್ತಡವನ್ನು ಹೋಲಿಸಿ ನೋಡಲಿ. ಎಣ್ಣೆ ಹೊಯ್ಯುವ ಮುಚ್ಚಳ ತೆಗೆದಾಗ ಹೊಗೆ ಬುಸುಬುಸು ಹೊರಟರೆ, ಜೊತೆಗೆ ನೀಲಿ ಹೊಗೆಯೂ ಇದ್ದರೆ, ಸಂಶಯ ಬಹುಮಟ್ಟಿಗೆ ತೀರಿತು.

ಮೆಕ್ಯಾನಿಕರನ್ನೇ ದೂರುವುದು ನ್ಯಾಯವಲ್ಲ. ಬ್ಲಾಕನ್ನು ಲೇತಿಗೆ ಒಯ್ಯೋಣವೆಂದರೆ ‘ಅಷ್ಟೆಲ್ಲ ಬೇಡ, ಸದ್ಯಕ್ಕೆ ಓಡಲಿ’ ಎನ್ನುವವರು ನಾವೇ. ಹಳೆಯ ಎಂಜಿನು ತಂದು ಕೂರಿಸುವುದು ಅಗ್ಗವೆಂಬ ಮಾತೂ ಉಂಟು. ಆ ಎಂಜಿನಿನ ಬೋರನ್ನು ಕಂಡವರಾರು? ಮೇಲಾಗಿ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ಎಂಜಿನು ಬದಲಾದರೆ ಅದನ್ನು ಆರ್‌ಸಿಯಲ್ಲಿ ದಾಖಲು ಮಾಡಿಸಬೇಕು. ನಮ್ಮ ಜೀಪುಗಳೋ 15 ವರ್ಷ ದಾಟಿ, ಐದೈದು ವರ್ಷಕ್ಕೆ ನವೀಕರಣಕ್ಕೆ ನಿಲ್ಲುವಂಥವು. ಅಲ್ಲಿ ನಂಬರು ಹೊಂದದಿದ್ದರೆ ಆಗುವ ಅಲೆದಾಟ ಸಣ್ಣದಲ್ಲ. ಬ್ಲಾಕು ಒಡೆದಿದ್ದರೆ ಮಾತ್ರ ನಾನೂ ಗುಜರಿಯ ಪಕ್ಷವೇ.

ಇನ್ನು, ಎಂಜಿನನ್ನು ತಿಂದದ್ದು ಯಾವುದೆಂದು ನೋಡದೆ ಹೊಸ ಸೆಟ್ಟು ಹಾಕಿ ಫಲವಿಲ್ಲ. ಬೇಸಗೆಯಲ್ಲಿ ನಮ್ಮ ಮುರಕಲ್ಲಿನ ದಾರಿಯ ಕೆಂಪು ಧೂಳು ಅರದಂತೆ ಕೆಲಸ ಮಾಡುತ್ತದೆ. ಏರ್ ಫಿಲ್ಟರಿನ ತಳದ ಎಣ್ಣೆ ಕೆಸರಾಗಿದ್ದರೆ, ಅಥವಾ ಫಿಲ್ಟರಿನಿಂದ ಎಂಜಿನಿಗೆ ಹೋಗುವ ರಬ್ಬರು ಕೊಳವೆ ಬಿರಿದಿದ್ದರೆ, ಧೂಳು ನೇರ ಒಳಗೆ. ಆ ಕೊಳವೆಯ ಬೆಲೆ ಪಿಸ್ಟನ್ ಸೆಟ್ಟಿನ ಮುಂದೆ ಏನೂ ಅಲ್ಲ. ಧೂಳಿನ ದಿನಗಳಲ್ಲಿ ವಾರಕ್ಕೊಮ್ಮೆ ಫಿಲ್ಟರು ಬಿಚ್ಚಿ ತೊಳೆದು ಹೊಸ ಎಣ್ಣೆ ಹಾಕುವ ಕೆಲಸವನ್ನು ಮನೆಯ ಮಕ್ಕಳೇ ಕಲಿಯಬಹುದು.

ಕೆಲಸ ಮುಗಿದು ಬಂದ ಜೀಪಿಗೆ ಮೊದಲ 500 ಕಿಲೋಮೀಟರು ತುಂಬು ಹೊರೆ ಹೇರಬಾರದು. ಹಾಗೆಂದು ಅಂಗಳದಲ್ಲಿ ಗಂಟೆಗಟ್ಟಲೆ ಸುಮ್ಮನೆ ಓಡಿಸುತ್ತ ನಿಲ್ಲಿಸಲೂಬಾರದು, ರಿಂಗು ಬೋರಿಗೆ ಕೂರಬೇಕಾದರೆ ಸ್ವಲ್ಪ ಹೊರೆ ಬೇಕು. ಆಮೇಲೆ ಎಣ್ಣೆಯನ್ನೂ ಅದರ ಫಿಲ್ಟರನ್ನೂ ಬದಲಿಸಬೇಕು. ಆ 24 ಅಂಕಿಗಳ ಕಾಗದವನ್ನು ಆರ್‌ಸಿಯ ಜೊತೆಗೇ ಇಟ್ಟಿರಲಿ. ಮುಂದಿನ ಸಲ ಬಿಚ್ಚುವ ಮೆಕ್ಯಾನಿಕನು ಅದನ್ನೇ ಮೊದಲು ಕೇಳಬೇಕು.